ಚಪ್ಪಟೆಯಾದ ಏಳನೆಯ ಗಾಜು

"ಟೀಚರಮ್ಮ, ನನ್ನ ತಲೆ ಮೇಲೆ ಗೂಬೆ ಕೂರಿಸ್ತಿದಾರೆ!" ಎನ್ನುತ್ತ ನಮ್ಮ ಮನೆಗೆ ನುಗ್ಗಿದವರು ಕೆಳಮಹಡಿಯ ಕನ್ನಡಕದ ಕಾರ್ಖಾನೆಯಲ್ಲಿ ಗಾಜು ಅರೆಯುವ ಮೇಸ್ತ್ರಿ. ಲೆಕ್ಕದ ಪಾಠ ಬಿಟ್ಟು ಐದು ವರ್ಷವಾದರೂ ನನ್ನಕ್ಕ ಊರವರ ತಂಟೆಯಲ್ಲಿ ಮೂಗು ತೂರಿಸುವುದನ್ನು ಬಿಟ್ಟಿರಲಿಲ್ಲ. ನಾನು ಗೊಣಗುತ್ತಲೇ ಚಪ್ಪಲಿ ಮೆಟ್ಟಿದೆ.

ಹಿಂದಿನ ದಿನ ಅರೆದ ಮೂವತ್ತು ಗಾಜುಗಳಲ್ಲಿ ಹದಿನಾಲ್ಕು ಹಾಳಾಗಿದ್ದವು. ಹೆಚ್ಚಿನವು ಮೈನಸ್ ಬೇಕಾದಲ್ಲಿ ಪ್ಲಸ್, ಪ್ಲಸ್ ಬೇಕಾದಲ್ಲಿ ಮೈನಸ್. ತಪ್ಪು ತನ್ನದಲ್ಲವೆಂದು ಸಂಜೆಯೊಳಗೆ ತೋರಿಸದಿದ್ದರೆ ಮೇಸ್ತ್ರಿಯ ಇಪ್ಪತ್ತೆರಡು ವರ್ಷದ ಕೆಲಸ ಹೋಗುತ್ತಿತ್ತು.

"ನಾನು ಕೊಟ್ಟ ಪವರ್ ಪಟ್ಟಿ ಸರಿಯಾಗೇ ಇದೆ. ಗೋಡೆ ಮೇಲೇ ಇದೆ, ನೋಡಿ" ಎಂದ ಕಂಪ್ಯೂಟರ್ ನೋಡಿಕೊಳ್ಳುವವ. ಅವನು ಮಾಲೀಕರ ಭಾವಮೈದುನ.

"ಪಟ್ಟಿ ನೋಡ್ಕೊಂಡೇ ಅರೆದೆ ಸ್ವಾಮಿ" ಎಂದರು ಮೇಸ್ತ್ರಿ. ಆದರೆ ಅವರು ಪಟ್ಟಿಯನ್ನು ಓದಲು ಎರಡು ಹೆಜ್ಜೆ ಹಿಂದೆ ಸರಿದದ್ದನ್ನು ಕಂಡು ನನಗೆ ಅವರ ಮೇಲೇ ಅನುಮಾನ ಬಂತು. ಮೇಸ್ತ್ರಿಯಿಲ್ಲದೆ ತಾನೇ ಅರೆಯುವ ಹೊಸ ಯಂತ್ರದ ಚಿತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡಿದ್ದ ಮಾಲೀಕರ ಮೇಲೂ ಇತ್ತು.

"ಈ ಪಟ್ಟಿ ಹೇಗೆ ಮಾಡ್ತೀಯಪ್ಪ?" ಎಂದಳು ಅಕ್ಕ.

"ಅಂಕಿಗಳದ್ದು ಒಂದು ಸಾಲು, ಚಿಹ್ನೆಗಳದ್ದು ಇನ್ನೊಂದು. ಪ್ಲಸ್ಸಿಗೆ ಒಂದು, ಮೈನಸ್ಸಿಗೆ ಮೈನಸ್ ಒಂದು, ಪವರ್ ಇಲ್ಲದ ಗಾಜಿಗೆ ಸೊನ್ನೆ. ಪ್ರೋಗ್ರಾಂ ಪ್ರತಿಯೊಂದು ಅಂಕಿಯನ್ನೂ ಅದರ ಎದುರಿನ ಚಿಹ್ನೆಯಿಂದ ಗುಣಿಸುತ್ತೆ."

ಅಕ್ಕ ಗಾಜುಗಳನ್ನು ಒಂದೊಂದಾಗಿ ಪತ್ರಿಕೆಯ ಮೇಲೆ ಹಿಡಿದಳು. ಕೆಲವುಗಳಲ್ಲಿ ಅಕ್ಷರ ಹಿಗ್ಗಿತು, ಕೆಲವುಗಳಲ್ಲಿ ಕುಗ್ಗಿತು. ಏಳನೆಯದರಲ್ಲಿ ಏನೂ ಆಗಲಿಲ್ಲ. ಗೋಡೆಯ ಪಟ್ಟಿಯಲ್ಲಿ ಅದು ಮೈನಸ್ ಎರಡೂವರೆ. ಆಮೇಲೆ ಮೊಳೆಗೆ ಸಿಕ್ಕಿಸಿದ್ದ ಮೊನ್ನೆಯ ಪಟ್ಟಿಯನ್ನು ಬಹಳ ಹೊತ್ತು ನೋಡಿದಳು. ಅದರ ತುಂಬ ಪಾಲಿಷ್ ಪುಡಿಯ ಕೆಂಪು ಹೆಬ್ಬೆಟ್ಟಿನ ಗುರುತುಗಳಿದ್ದವು.

ಸಂಜೆ ಎಲ್ಲರನ್ನೂ ಅರೆಯುವ ಯಂತ್ರದ ಸುತ್ತ ಕೂರಿಸಿದಳು.

"ಮೇಸ್ತ್ರಿ ಚಿಹ್ನೆ ತಪ್ಪಾಗಿ ಓದಿದ್ರೆ ಏಳನೇ ಗಾಜು ಪ್ಲಸ್ ಆಗ್ಬೇಕಿತ್ತು. ಬರೀ ಗಾಜಾಗಿದೆ. ಅಂದ್ರೆ ಎರಡೂವರೆಯನ್ನ ಯಾರೋ ಸೊನ್ನೆಯಿಂದ ಗುಣಿಸಿದಾರೆ. ಮೊನ್ನೆ ಪಟ್ಟಿಯಲ್ಲಿ ಏಳನೇದು ಪವರ್ ಇಲ್ಲದ್ದು. ಮೂವತ್ತನ್ನೂ ತಾಳೆ ನೋಡಿದೆ. ಅಂಕಿ ನಿನ್ನೆಯದು, ಚಿಹ್ನೆ ಮೊನ್ನೆಯದು! ಹದಿನಾರರ ಚಿಹ್ನೆ ಅದೃಷ್ಟಕ್ಕೆ ಎರಡೂ ದಿನ ಒಂದೇ ಇತ್ತು."

"ಹಾಗಾದ್ರೆ ಗೋಡೆ ಮೇಲಿರೋ ಪಟ್ಟಿ?" ಎಂದರು ಮಾಲೀಕರು.

"ಮೇಸ್ತ್ರಿ ಮುಟ್ಟಿದ ಕಾಗದದಲ್ಲಿ ಕೆಂಪು ಹತ್ತದೆ ಇರುತ್ತಾ? ಇದರಲ್ಲಿ ಒಂದು ಕಲೆಯೂ ಇಲ್ಲ, ಅವರು ಮುಟ್ಟೇ ಇಲ್ಲ. ಇವತ್ತು ಬೆಳಿಗ್ಗೆ ಹಾಕಿದ್ದು."

ಭಾವಮೈದುನ ಮಾಲೀಕರತ್ತ ತಿರುಗಿದ. "ಚಿಹ್ನೆ ಸಾಲು ಬದಲಾಯಿಸೋದು ಮರೆತೆ ಭಾವ. ಬೆಳಿಗ್ಗೆ ಗೊತ್ತಾಯ್ತು. ಹೆದರಿ ತಪ್ಪು ಪಟ್ಟಿ ತೆಗೆದು ಸರಿಯಾದ್ದನ್ನ ಹಾಕಿಬಿಟ್ಟೆ."

ಮಾಲೀಕರು ಮೇಸ್ತ್ರಿಗೆ ಕೈಮುಗಿದರು. ಅವರನ್ನು ಅನುಮಾನಿಸಿದ್ದಕ್ಕೆ ನನಗೂ ನಾಚಿಕೆಯಾಯಿತು. ಮೇಸ್ತ್ರಿ ಮಾತ್ರ ಗೋಡೆಯ ಪಟ್ಟಿಯನ್ನು ಕಿತ್ತು ಆ ಹುಡುಗನ ಕೈಗಿಟ್ಟು ಯಂತ್ರ ಚಾಲೂ ಮಾಡಿದರು.

"ಹದಿನಾಲ್ಕು ಜನ ಕಾಯ್ತಿದಾರೆ. ನಂಗೆ ಸಣ್ಣಕ್ಷರ ಈಗ ಕಾಣಲ್ಲ ಅಂತ ನಿಂಗೂ ಗೊತ್ತಿತ್ತಲ್ಲ? ಚಿಹ್ನೆ ಸಮೇತ ಜೋರಾಗಿ ಓದು."

"ಮೈನಸ್..." ಎಂದು ಶುರು ಮಾಡಿದವನು ಕಾಗದದಿಂದ ತಲೆಯೆತ್ತಿ ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ಮೊದಲ ಗಾಜನ್ನು ಹಿಡಿದುಕೊಂಡು, ಅವನು ಓದುವವರೆಗೂ ಕಾದರು.