ಅಂಚಿನಲ್ಲಿ ಸವೆದ ಅಂಕಿ

"ಉಜ್ಜಬೇಡಿ!"

ಅಂಗಡಿಯವನು ಕೂಗಿದ್ದಕ್ಕಿಂತ ಹೆಚ್ಚಾಗಿ, ಅವಳ ಕೈಯನ್ನೇ ಹಿಡಿದುಬಿಟ್ಟದ್ದಕ್ಕೆ ಅವಳು ಬೆಚ್ಚಿದಳು.

ಗಾಜಿನ ಮೇಜಿನ ಮೇಲೆ ತಾತನ ಮೂರು ಯುದ್ಧಪದಕಗಳಿದ್ದವು. ಹಳೆಯ ರಿಬ್ಬನ್ ಬದಲಿಸಿಕೊಡುವ ಅಂಗಡಿ ಇದು ಅಂತ ಕೇಳಿ ಬಂದಿದ್ದಳು. ಮಸುಕಾಗಿವೆಯಲ್ಲ ಅಂತ ಕರವಸ್ತ್ರದಿಂದ ಒರೆಸಲು ಹೋದಳು, ಅಷ್ಟೇ.

"ಕೈ ಬಿಡ್ತೀರಾ?"

ಬಿಸಿ ತಾಗಿದವನಂತೆ ಅವನು ಕೈ ಹಿಂದಕ್ಕೆಳೆದುಕೊಂಡ. "ಕ್ಷಮಿಸಿ. ಅಂಚು ನೋಡಿ. ಸಿಪಾಯಿಯ ಸಂಖ್ಯೆ, ಹೆಸರು ಇಲ್ಲೇ ಕೆತ್ತಿರ್ತಾರೆ. ಅದು ಸವೆದ್ರೆ ಪದಕ ಅನಾಥ."

"ನಮ್ಮ ತಾತ ಐವತ್ತು ವರ್ಷದಿಂದ ಹಲ್ಲುಪುಡಿ ಹಾಕಿ ಉಜ್ತಿದ್ದಾರೆ."

ಅವನ ಮುಖ ಇಳಿದುಹೋದದ್ದು ನೋಡಿ ಅವಳಿಗೆ ನಗು ಬಂತು. ನಕ್ಕು ಎಷ್ಟು ದಿನವಾಗಿತ್ತೋ...

ಅವಳದು ಎದುರು ಬೀದಿಯ ಕನ್ನಡಕದ ಅಂಗಡಿಯಲ್ಲಿ ಕೆಲಸ. ಅವನು ಅವಳನ್ನು 'ಕನ್ನಡಕದವರೇ' ಅಂದ. ಅವಳು 'ಪದಕದವರೇ' ಅಂದಳು. ಆಮೇಲೆ ಭಾನುವಾರಗಳಲ್ಲಿ ಅವನು ಮನೆಗೇ ಬರತೊಡಗಿದ, ತಾತನ ಯುದ್ಧದ ಕಥೆ ಬರೆದುಕೊಳ್ಳಲು.

ತಾತ ಪ್ರತಿ ಸಲವೂ ಅದೇ ಮಾತಿಗೆ ಬಂದು ನಿಲ್ಲುತ್ತಿದ್ದರು. "ನಾಲ್ಕಿದ್ವು ತಮ್ಮಾ. ಮನೆ ಬದಲಾಯಿಸುವಾಗ ಒಂದು ಹೋಯ್ತು. ನೀನು ಹಳೇ ಪದಕಕ್ಕೆ ಊರೆಲ್ಲ ಹುಡುಕೋನು. ಸಿಗುತ್ತಾ?"

"ನೋಡೋಣ ತಾತ," ಎನ್ನುತ್ತಾ ಅವನು ಚಹಾದ ಲೋಟದೊಳಗೆ ಇಣುಕುತ್ತಿದ್ದ.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವಳು ಹೊಸ ರಿಬ್ಬನ್‌ಗಳನ್ನು ತರಲು ಹೋದಳು. ಅವನು ಒಳಗಿದ್ದ. "ರಿಬ್ಬನ್ ತುದಿ ಕತ್ತರಿಸ್ಬೇಕು. ಕತ್ತರಿ ಡ್ರಾಯರ್‌ನಲ್ಲಿದೆ, ತಗೊಳ್ಳಿ," ಎಂದ.

ಅವಳು ಎಳೆದದ್ದು ಬೇರೆ ಡ್ರಾಯರ್. ಒಳಗೊಂದು ಕಾಗದದ ಕವರ್. ಅವನ ಅಕ್ಷರದಲ್ಲಿ ತಾತನ ಸಂಖ್ಯೆ. ಕೆಳಗೆ 'ಕೈಗೆ ಬಂದ ತಾರೀಖು' ಎಂದಿತ್ತು. ಅದು... ಅವಳು ಮೊದಲು ಈ ಅಂಗಡಿಗೆ ಬಂದ ವಾರದ್ದು.

ಕವರಿನಲ್ಲಿ ಒಂದು ಪದಕವಿತ್ತು.

ಮೂರು ತಿಂಗಳು! ತಾತ ಕೇಳುವಾಗಲೆಲ್ಲ ಇದು ಇಲ್ಲೇ ಇತ್ತಾ? ಹಳೆಯ ಪದಕ ಕೊಳ್ಳುವ ಸಂಗ್ರಹಕಾರರಿಗೆ ಒಬ್ಬ ಸಿಪಾಯಿಯ ಎಲ್ಲ ಪದಕಗಳ ಇಡೀ ಜೋಡಣೆ ಬೇಕಂತೆ. ತಾತ ಕಣ್ಣು ಮುಚ್ಚಿದ ಮೇಲೆ ಉಳಿದ ಮೂರೂ ಸಲೀಸಾಗಿ ಸಿಗುತ್ತವೆ ಅಂತಲಾ? ಹಾಗಾದರೆ ತನ್ನ ಜೊತೆಗಿನ ಮಾತು, ನಗು... ಅದೂ ಜೋಡಣೆಯೊಳಗಿನದೇ?

ಅವನು ಹೊರಬಂದು ಡ್ರಾಯರ್ ನೋಡಿದ. ಅವಳನ್ನು ನೋಡಿದ.

"ಅದು... ಇನ್ನೂ ಖಚಿತ ಆಗಿಲ್ಲ."

"ಆಗೋದು ಬೇಡ. ನಮ್ಮ ಮನೆ ಕಡೆ ಬರಬೇಡಿ."

ಹನ್ನೊಂದು ದಿನ ಕಳೆದವು. ಅವಳು ಒಂದೇ ಗಿರಾಕಿಗೆ ಎರಡು ಸಲ ತಪ್ಪು ಮಸೂರ ಕೂರಿಸಿದಳು. ಕೋಪ ಬಂದಿದ್ದರೆ ಕಿವಿ ಯಾಕೆ ಗೇಟಿನ ಸದ್ದಿಗೆ ನೆಟ್ಟಿರಬೇಕು? ಬರಬೇಡಿ ಅಂದದ್ದು ತಾನೇ. ಬರಲಿಲ್ಲ ಅಂತ ಅಳು ಬರುತ್ತಿರುವುದೂ ತನಗೇ. ತನ್ನ ಮನಸ್ಸು ತನಗೇ ಓದಲಾಗದಷ್ಟು ಸವೆದುಹೋಗಿತ್ತು.

ಭಾನುವಾರ ಗೇಟು ಸದ್ದಾಯಿತು.

ಅವನು ಅವಳ ಕಡೆ ನೋಡದೆ ನೇರವಾಗಿ ತಾತನ ಕುರ್ಚಿಯ ಮುಂದೆ ಮಂಡಿಯೂರಿ ಕವರ್ ಬಿಚ್ಚಿದ.

"ಇದು ಸಿಕ್ಕಿ ಬಹಳ ದಿನ ಆಯ್ತು ತಾತ. ಹೆಸರು ಪೂರ್ತಿ ಸವೆದಿದೆ. ಕೊನೆಯ ಅಂಕಿ ಮೂರೋ ಎಂಟೋ ಗೊತ್ತಾಗ್ತಿರ್ಲಿಲ್ಲ. ಅಂಚಿನ ಅಚ್ಚು ತೆಗೆದು ಕಳಿಸಿ ಸೇನೆಯ ದಾಖಲೆ ಕಚೇರಿಗೆ ಬರೆದಿದ್ದೆ. ನಿನ್ನೆ ಉತ್ತರ ಬಂತು." ಅವನ ದನಿ ಇಳಿಯಿತು. "ಎಂಟಂತೆ. ಇದು ನಿಮ್ಮದಲ್ಲ."

ತಾತ ಪದಕವನ್ನು ಅಂಗೈಯಲ್ಲಿಟ್ಟುಕೊಂಡು ಅಂಚಿನ ಮೇಲೆ ಹೆಬ್ಬೆರಳಾಡಿಸಿದರು. ಆಮೇಲೆ ಇನ್ನೊಂದು ಕೈಯ ಬೆರಳು ಮಡಿಚತೊಡಗಿದರು.

"ಭರ್ತಿಯಾದ ದಿನ ಸಾಲಲ್ಲಿ ನಿಂತ ಕ್ರಮಕ್ಕೇ ಸಂಖ್ಯೆ ಕೊಟ್ರು. ಕೊನೆಯ ಅಂಕಿ ನಂದು ಮೂರು. ನಾಲ್ಕು, ಮೀಸೆಯವನು. ಐದು, ಆರು... ಏಳು, ಮೀಸೆಯವನ ಭಾವ. ಎಂಟು..." ಬೆರಳು ನಿಂತಿತು. "ಎಂಟು ನಮ್ಮ ಕುಳ್ಳ. ಅವನು ಯುದ್ಧದಿಂದ ವಾಪಸ್ ಬರ್ಲಿಲ್ಲ, ತಮ್ಮಾ."

ತಾತ ಪದಕವನ್ನು ಎದೆಗೆ ಒತ್ತಿಕೊಂಡರು.

"ನಂದು ಸಿಗದಿದ್ರೆ ಹೋಗ್ಲಿ ಬಿಡು. ಕುಳ್ಳ ಬಂದನಲ್ಲ." ತಾತ ಅಂಗಿಯ ತುದಿಯಿಂದ ಪದಕ ಒರೆಸಲು ಹೋಗಿ, ಎದುರಿಗಿದ್ದ ಹುಡುಗನ ಮುಖ ನೋಡಿ ಕೈ ತಡೆದರು. "ಆಯ್ತಪ್ಪಾ, ಉಜ್ಜಲ್ಲ."

ಗೇಟಿನ ತನಕ ಅವಳೂ ಬಂದಳು.

"ನನಗಾದ್ರೂ ಹೇಳಬಹುದಿತ್ತು."

"ಆಸೆ ಹುಟ್ಟಿಸಿ ಆಮೇಲೆ ಕಿತ್ತುಕೊಂಡ್ರೆ? ನಿಮಗೆ ಹೇಳಿದ್ರೆ, ತಾತ ಕೇಳಿದಾಗ ನೀವೂ ಚಹಾ ಲೋಟ ನೋಡ್ಬೇಕಾಗ್ತಿತ್ತು." ಗೇಟಿನ ಚಿಲಕ ಸರಿಸುತ್ತಾ, "ಕವರಿನ ಮೇಲೆ ಕೊನೆಯ ಅಂಕಿ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ," ಎಂದ.

"ನೋಡ್ಲಿಲ್ಲ."

"ಊರಿಗೆಲ್ಲ ಕನ್ನಡಕ ಕೊಡೋರು ನೀವು."

ಅವಳು ತಲೆ ತಗ್ಗಿಸಿದಳು. ನಾಚಿಕೆಯೋ ನಗುವೋ ಅವಳಿಗೇ ತಿಳಿಯಲಿಲ್ಲ.

"ಇನ್ನೊಂದು ವಿಷಯ ಇದೆ," ಎಂದ. "ಇದಕ್ಕೆ ದಾಖಲೆ ಇಲ್ಲ. ಯಾವ ಕಚೇರಿಗೂ ಬರೆದು ಕೇಳಿಲ್ಲ. ಭಾನುವಾರ ನಾನು ಬರ್ತಿದ್ದದ್ದು ಯುದ್ಧದ ಕಥೆಗಲ್ಲ."

"ಪರಿಶೀಲಿಸದೆ ನೀವು ಏನೂ ಹೇಳಲ್ಲ ಅಂದ್ಕೊಂಡಿದ್ದೆ."

"ಇದೊಂದನ್ನ ಹೇಳ್ತಿದ್ದೀನಿ."

ಅವಳು ಗೇಟಿನ ಮೇಲೆ ಕೈ ಇಟ್ಟಳು. "ಅವತ್ತು ಕೇಳದೇ ಕೈ ಹಿಡಿದಿದ್ರಿ."

"ಇವತ್ತು ಕೇಳ್ತಿದ್ದೀನಿ."

"ಹಿಡ್ಕೊಳ್ಳಿ..." ಎಂದಳು ಮೆಲ್ಲಗೆ. "ಸವೆಯೋವರೆಗೂ ಬಿಡಬೇಡಿ."