ನೆಲ ಇನ್ನೂ ಹಸಿ ಇದೆ

ಮಾರ್ಚ್ ತಿಂಗಳ ಕೊನೆಯ ವಾರ. ಹಿಮ ಕರಗಿ ಎರಡು ದಿನವೂ ಆಗಿರದ, ನಾನು ನೋಡಿಕೊಳ್ಳುತ್ತಿದ್ದ ಕಾಲೇಜಿನ ಬೇಸ್‌ಬಾಲ್ ಅಂಗಳದ ನಟ್ಟನಡುವೆ ಒಬ್ಬ ಹೆಂಗಸು ಹೈ ಹೀಲ್ಸ್ ಹಾಕಿಕೊಂಡು ನಡೆದು ಬರುತ್ತಿದ್ದಳು. ಹೆಜ್ಜೆಗೊಂದು ಗುಳಿ. ನನಗೆ ಮೈಯೆಲ್ಲ ಉರಿಯಿತು.

"ಸ್ಟಾಪ್ ದೇರ್," ಎಂದು ಕೂಗಿದೆ. "ಡೋಂಟ್ ಮೂವ್."

ಆಕೆ ನಿಂತಳು. ಎತ್ತಿದ್ದ ಎಡಗಾಲನ್ನು ಎತ್ತಿದಂತೆಯೇ ಹಿಡಿದು, ಎದೆಗೊಂದು ಫೈಲು ಅವಚಿಕೊಂಡು, ಒಂಟಿ ಕಾಲಿನ ಮೇಲೆ ತೂಗಾಡುತ್ತ ನಿಂತಳು. ನಾನು ಬೈಯುತ್ತಲೇ ಹತ್ತಿರ ಹೋದೆ. ಆಕೆಯ ಕಣ್ಣು ನನ್ನ ಜಾಕೆಟ್ಟಿನ ಮೇಲೆ ಹೊಲಿದಿದ್ದ ಹೆಸರಿನ ಮೇಲೆ ಕ್ಷಣ ನಿಂತು, ನಿಧಾನವಾಗಿ ನನ್ನ ಮುಖಕ್ಕೆ ಬಂತು.

"ಗುರುಪಾದಪ್ಪ," ಎಂದು ಬಿಡಿಸಿ ಓದಿದಳು. ಆಮೇಲೆ ಅಚ್ಚ ಮೈಸೂರಿನ ಕನ್ನಡದಲ್ಲಿ, "ಬೈದಿದ್ದು ಆಯ್ತಾ? ಈ ಕಾಲು ಎಲ್ಲಿಡ್ಲಿ ಹೇಳ್ಬಿಡಿ. ಇಲ್ದಿದ್ರೆ ಬಿದ್ದೋಗ್ತೀನಿ."

ಮೂರು ವರ್ಷದಲ್ಲಿ ಆ ಕಾಲೇಜಿನಲ್ಲಿ ನನ್ನ ಹೆಸರನ್ನು ಯಾರೂ ಪೂರ್ತಿ ಹೇಳಿರಲಿಲ್ಲ. ಎಲ್ಲರಿಗೂ ನಾನು ಗ್ಯಾರಿ.

"ಆ ಹುಲ್ಲಿನ ಮ್ಯಾಲ ಇಡ್ರಿ," ಎಂದೆ. ದನಿ ತಾನಾಗಿ ಇಳಿದಿತ್ತು.

"ಧಾರವಾಡದ ಕಡೆನಾ?"

"ಹುಬ್ಬಳ್ಳಿ."

"ಅದಕ್ಕೇ. ಬೈಗುಳ ಇಂಗ್ಲಿಷ್‌ನಲ್ಲಿದ್ರೂ ರಾಗ ಮಾತ್ರ ಊರಿಂದೇ."

ಆಕೆ ಸುಧಾಮಣಿ. ಕನ್ಸಲ್ಟಿಂಗ್ ಕಂಪನಿಯೊಂದು ಆಕೆಯನ್ನು ನಮ್ಮ ಕಾಲೇಜಿಗೆ ಕಂಪ್ಯೂಟರ್ ಕೆಲಸಕ್ಕೆ ಕಳಿಸಿತ್ತು. ಇಸವಿ ಎರಡು ಸಾವಿರ ಬಂತು, ಎಲ್ಲರೂ ಹೆದರಿದ್ದಂತೆ ಕಂಪ್ಯೂಟರುಗಳು ಕೆಡಲಿಲ್ಲ, ಆಕೆಯ ಕೆಲಸ ಮುಗಿಯಿತು. ಆಗ ಡೀನ್ ಇನ್ನೊಂದು ಕೆಲಸ ಕೊಟ್ಟರು. ನ್ಯೂಜೆರ್ಸಿಯ ಉತ್ತರದ ಗುಡ್ಡದ ಮೇಲಿರುವ, ಏಪ್ರಿಲ್‌ವರೆಗೂ ಹಿಮ ಬೀಳುವ ಈ ಸಣ್ಣ ಕಾಲೇಜಿಗೆ ಬೇಸ್‌ಬಾಲ್ ಟೀಮ್ ಬೇಕೇ ಬೇಡವೇ, ಲೆಕ್ಕಾಚಾರ ಮಾಡಿ ವರದಿ ಕೊಡಿ ಎಂದು.

ಟೀಮಿನ ಪಾಡು ಎಲ್ಲರಿಗೂ ಗೊತ್ತಿತ್ತು. ಫೆಬ್ರವರಿ ಪೂರ್ತಿ ಹುಡುಗರು ಜಿಮ್ಮಿನೊಳಗೆ ಚೆಂಡು ಎಸೆಯುತ್ತಿದ್ದರು. ಮಾರ್ಚಿನಲ್ಲಿ ಬಸ್ಸು ಹತ್ತಿ ದಕ್ಷಿಣದ ರಾಜ್ಯಗಳಿಗೆ ಹೋಗಿ ಸೋತು ಬರುತ್ತಿದ್ದರು. ಇಲ್ಲಿಗೆ ವಾಪಸು ಬಂದರೆ ಅಂಗಳ ಹಸಿಯಿದ್ದು ಪಂದ್ಯವೇ ನಡೆಯುತ್ತಿರಲಿಲ್ಲ. ಆದರೂ ಹದಿನೇಳು ಹುಡುಗರು ಈ ಕಾಲೇಜಿಗೆ ಸೇರಿದ್ದೇ ಆ ಆಟಕ್ಕಾಗಿ.

"ನೀವು ನೆಲದ ಡೈರಿ ಇಟ್ಟಿದೀರಂತೆ," ಎಂದಳು ಸುಧಾಮಣಿ. "ಫೋನ್ ಮಾಡಿ ಕೇಳಿದ್ರೆ ರಿಸೀವರ್ ಕುಕ್ಕಿಬಿಟ್ರಿ."

"ಮುಚ್ಚಾಕ ಬಂದವ್ರಿಗೆ ಯಾಕ ಕೊಡ್ಲಿ?"

"ಮುಚ್ಚೋಕೋ ಉಳಿಸೋಕೋ ನಂಗೂ ಗೊತ್ತಿಲ್ಲ ಕಣ್ರೀ. ನಿಜ ಏನಿದೆಯೋ ಅದು ಬೇಕು."

ಆ ಮಾತಿಗೆ ನಾನು ಸೋತೆ. ಡೈರಿ ಕೊಟ್ಟೆ.

*

ಹುಬ್ಬಳ್ಳಿಯಲ್ಲಿ ಹದಿನಾರು ವರ್ಷ ಕ್ರಿಕೆಟ್ ಪಿಚ್ ಮಾಡಿದವನು ನಾನು. ಅಕ್ಕ ಕಮಲವ್ವ ಸ್ಪಾನ್ಸರ್ ಮಾಡಿದ್ದರಿಂದ ನ್ಯೂಜೆರ್ಸಿಯ ಎಡಿಸನ್ನಿಗೆ ಬಂದೆ. ಅಕ್ಕನ ಮನೆಯಲ್ಲಿ ಭಾನುವಾರ ಸೇರುವವರೆಲ್ಲ ಸಾಫ್ಟ್‌ವೇರಿನವರು. "ನೀವು ಯಾವ ಪ್ರಾಜೆಕ್ಟ್ ಅಂಕಲ್?" ಎಂದು ಕೇಳುತ್ತಿದ್ದರು. "ಮಣ್ಣಿಂದು" ಎಂದರೆ ನಕ್ಕು ಬೇರೆ ಕಡೆ ತಿರುಗುತ್ತಿದ್ದರು.

ಸುಧಾಮಣಿ ನಗಲಿಲ್ಲ. ದಿನಾ ಮಧ್ಯಾಹ್ನ ಊಟದ ಡಬ್ಬಿ ತಂದು ಅಂಗಳದ ಮೆಟ್ಟಿಲುಸಾಲಿನ ಮೇಲೆ ಕೂತು ಡೈರಿ ಓದುತ್ತಿದ್ದಳು. ಪ್ರತಿ ಪಂದ್ಯದ ಬೆಳಿಗ್ಗೆ ನಾನು ನೆಲಕ್ಕೆ ಹೆಬ್ಬೆರಳು ಒತ್ತಿ ನೋಡುತ್ತಿದ್ದೆ. ಉಗುರು ಹೂತುಹೋದರೆ ಆಟವಿಲ್ಲ. 'ನೆಲ ಇನ್ನೂ ಹಸಿ ಇದೆ' ಎಂದು ಬರೆದು ಕೋಚ್ ಮರ್ಫಿಗೆ ಹೇಳಿದರೆ ಮುಗಿಯಿತು. ಮುದುಕ ಮರ್ಫಿ ಒಮ್ಮೆಯೂ ಎದುರಾಡಿದವನಲ್ಲ.

"ನಂಗೂ ತೋರ್ಸಿ," ಎಂದಳು ಒಂದು ದಿನ.

ಕೂತು, ಹೆಬ್ಬೆರಳು ಒತ್ತಿದಳು. ಸರಿಯಾಗಿ ಒತ್ತಲಿಲ್ಲ. ನಾನು ಅವಳ ಬೆರಳಿನ ಮೇಲೆ ನನ್ನದನ್ನಿಟ್ಟು ಒತ್ತಿದೆ. ಮಣ್ಣು ತಣ್ಣಗಿತ್ತು. ಅವಳ ಕೈ ಬೆಚ್ಚಗಿತ್ತು. ಇಬ್ಬರೂ ಮಣ್ಣನ್ನೇ ನೋಡುತ್ತಿದ್ದೆವು. ನೋಡಲು ಅಲ್ಲಿ ಅಂಥದ್ದೇನೂ ಇರಲಿಲ್ಲ.

"ಹಸಿ ಇದೆಯಾ?" ಎಂದಳು ಮೆಲ್ಲಗೆ.

"ಐತಿ."

"ಹಾಗಾದ್ರೆ ಇವತ್ತು ಆಟ ಇಲ್ಲ," ಎಂದು ಕೈ ಎಳೆದುಕೊಂಡಳು. ತುಟಿಯಂಚಿನಲ್ಲಿ ನಗು ಇತ್ತು. ಹೋಗುವಾಗ ಒಮ್ಮೆ ತಿರುಗಿ ನೋಡಿದಳು. ಆ ದಿನ ನಾನು ಅಂಗಳದ ಒಂದೇ ಗೆರೆಗೆ ಮೂರು ಸಲ ಸುಣ್ಣ ಹಾಕಿದೆ.

ನನಗೆ ನಲವತ್ತನಾಲ್ಕು, ಅವಳಿಗೆ ಮೂವತ್ತೊಂಬತ್ತು. ನನಗೆ ಮದುವೆಯಾಗಿರಲಿಲ್ಲ. ಅವಳದು ಆಗಿ ಮುರಿದಿತ್ತು. ಗಂಡ ಕುವೈತಿನಲ್ಲಿದ್ದುಕೊಂಡು, ಇನ್ನೊಂದು ವರ್ಷ, ಇನ್ನೊಂದೇ ವರ್ಷ ಎಂದು ಆರು ವರ್ಷ ಕಾಯಿಸಿ, ಕೊನೆಗೆ ವಿಚ್ಛೇದನದ ಕಾಗದ ಕಳಿಸಿದ್ದ. ಇದನ್ನು ಅವಳು ಚಪಾತಿ ಮುರಿಯುತ್ತ, ಯಾರದೋ ಸುದ್ದಿ ಎಂಬಂತೆ ಹೇಳಿದ್ದಳು.

ಏಪ್ರಿಲ್ ಎರಡನೇ ವಾರ ಅವಳ ಮುಖದಲ್ಲಿ ಬೆಳಕಿತ್ತು. ಡೀನ್ ಮಾತು ಕೊಟ್ಟಿದ್ದರು. ಕಾಲೇಜಿನ ಕಮಿಟಿ ಅವಳ ವರದಿಯನ್ನು ಒಪ್ಪಿದರೆ ಕಾಲೇಜೇ ಅವಳನ್ನು ಪರ್ಮನೆಂಟ್ ಮಾಡಿಕೊಂಡು ಗ್ರೀನ್ ಕಾರ್ಡಿಗೆ ಹಾಕುತ್ತದೆ. ಇಲ್ಲದಿದ್ದರೆ ಕಂಪನಿ ಎಲ್ಲಿ ಹಾಕುತ್ತದೋ ಅಲ್ಲಿಗೆ.

"ಏನು ಬರ್ದೀರಿ?"

"ಮುಚ್ಚಿ ಅಂತ. ಬೇಜಾರು ಮಾಡ್ಕೋಬೇಡಿ. ಮೂರು ವರ್ಷದಲ್ಲಿ ನಲವತ್ತೆಂಟು ಪಂದ್ಯ ಇಲ್ಲಿ ಆಡಬೇಕಿತ್ತು, ಆಡಿದ್ದು ಹತ್ತೊಂಬತ್ತು. ಈ ಹವೆಯಲ್ಲಿ ಇದು ಆಗದ ಮಾತು. ನಿಮ್ಮ ಡೈರಿನೇ ಸಾಕ್ಷಿ. ನಿಮ್ಮ ಕೆಲ್ಸಕ್ಕೇನೂ ಆಗಲ್ಲ, ಕ್ಯಾಂಪಸ್ ಹುಲ್ಲು ನೋಡ್ಕೊಳ್ಳೋ ಕೆಲ್ಸಕ್ಕೆ ಹಾಕ್ತಾರೆ."

ಬೇಜಾರಾಯಿತು. ಆದರೆ ನಾನೂ ಇಲ್ಲೇ, ಅವಳೂ ಇಲ್ಲೇ. ಹುಡುಗರ ಬಗ್ಗೆ ಆ ದಿನ ನಾನು ಯೋಚಿಸಲಿಲ್ಲ. ಇದ್ದದ್ದನ್ನು ಹೇಳುತ್ತಿದ್ದೇನೆ.

*

ಮುಂದಿನ ಸೋಮವಾರ ನಮ್ಮ ರೋಲರ್ ಕೆಟ್ಟಿತು. ಎರವಲು ತರಲು ಇಪ್ಪತ್ತು ಮೈಲಿ ಆಚೆಯ ಇನ್ನೊಂದು ಕಾಲೇಜಿಗೆ ಹೋದೆ. ಹಿಂದಿನ ರಾತ್ರಿ ಅಲ್ಲೂ ಇಲ್ಲೂ ಒಂದೇ ಸಮ ಹಿಮ ಬಿದ್ದಿತ್ತು. ಬೇಲಿಯ ಬುಡದಲ್ಲಿ ಅದರ ಗುಡ್ಡೆ ಇನ್ನೂ ಇತ್ತು. ಅಂಗಳ ಕರ್ರಗೆ ನೆನೆದಿತ್ತು. ಅದರ ಮೇಲೆ ಪಂದ್ಯ ನಡೆಯುತ್ತಿತ್ತು.

ನಾನು ಅಲ್ಲಿನ ಅಂಗಳ ನೋಡಿಕೊಳ್ಳುವವನ ಮೇಲೆ ರೇಗಿದೆ. ಹಸಿ ನೆಲದ ಮೇಲೆ ಆಡಿಸುತ್ತೀಯಾ, ಮರ್ಯಾದೆ ಇದೆಯಾ ಎಂದೆ. ಅವನು ಸುಟ್ಟ ಮಣ್ಣಿನ ಕಾಳನ್ನು ಗೋಣಿಚೀಲದಿಂದ ಎರಚುತ್ತ ನನ್ನನ್ನು ವಿಚಿತ್ರವಾಗಿ ನೋಡಿದ. ಈ ಕಾಳು ನೀರು ಕುಡಿಯುತ್ತದೆ, ಅರ್ಧ ಗಂಟೆ ಕೆದರಿದರೆ ಸಾಕು ಎಂದ. ಪಿಚ್ ಹಸಿಯಾದರೆ ಚೆಂಡು ಹೇಗೆ ಏಳುತ್ತದೆ ಎಂದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಬೇಸ್‌ಬಾಲಿನಲ್ಲಿ ಚೆಂಡು ಎಸೆದರೆ ಬ್ಯಾಟಿಗೆ ಬರುವುದು ಗಾಳಿಯಲ್ಲಿ. ನೆಲಕ್ಕೆ ಕುಕ್ಕಿ ಏಳುವುದೇ ಇಲ್ಲ.

ಮೂರು ವರ್ಷ ಕಣ್ಣೆದುರಿಗೆ ನೋಡಿದ್ದೆ. ನೋಡಿಯೂ ಹುಬ್ಬಳ್ಳಿಯ ಹೆಬ್ಬೆರಳನ್ನೇ ನಂಬಿದ್ದೆ. ಮರ್ಫಿ ಯಾಕೆ ಎದುರಾಡಲಿಲ್ಲ ಎಂಬುದೂ ಆಗ ಹೊಳೆಯಿತು. ರದ್ದಾದ ಪಂದ್ಯ ಸೋತ ಪಂದ್ಯವಲ್ಲ. ಸೋತು ಸುಸ್ತಾದ ಮುದುಕನಿಗೆ ಅದೇ ಸಾಕಾಗಿತ್ತು.

ರೋಲರ್ ಅಲ್ಲೇ ಬಿಟ್ಟು ಬಂದು ಸುಧಾಮಣಿಯ ಆಫೀಸಿನ ಬಾಗಿಲಲ್ಲಿ ನಿಂತೆ. ಎಲ್ಲ ಹೇಳಿದೆ.

"ಎಷ್ಟು ದಿನ?" ಎಂದಳು.

"ರದ್ದಾದ ಇಪ್ಪತ್ತೊಂಬತ್ತರಾಗ ಇಪ್ಪತ್ತಾದ್ರೂ ಆಡಬಹುದಿತ್ರಿ."

ಅವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. "ರಿಪೋರ್ಟ್ ಕೊಟ್ಟಾಯ್ತು. ಗುರುವಾರ ಮೀಟಿಂಗು. ಈಗ ಇದನ್ನ ಹೇಳಿದ್ರೆ ಡೀನ್‌ಗೆ ನನ್ನ ಕೆಲ್ಸದ ಮೇಲೆ ನಂಬ್ಕೆ ಉಳಿಯಲ್ಲ. ಕಂಪನಿ ಡಲ್ಲಾಸ್‌ಗೆ ಹಾಕತ್ತೆ. ವೀಸಾ ಅವರ ಕೈಲಿದೆ, ಬೇಡ ಅನ್ನೋ ಹಾಗಿಲ್ಲ."

"ಅದಕ್ಕ ಮೊದ್ಲ ನಿಮಗ ಹೇಳಿದ್ದು. ನೀವು ಹ್ಯಾಂಗ ಅಂತೀರೋ ಹಂಗ."

"ಎಷ್ಟು ಸುಲಭವಾಗಿ ನನ್ನ ತಲೆ ಮೇಲೆ ಹಾಕ್ಬಿಟ್ರಿ."

ನನಗೆ ಸಿಟ್ಟು ಬಂತು. ಸಿಟ್ಟು ಯಾರ ಮೇಲೆಂದು ಗೊತ್ತಿರಲಿಲ್ಲ. "ಹಂಗಾರ ಬಾಯಿ ಮುಚ್ಕೊಂಡಿರೂಣು. ಆ ಹುಡುಗ್ರು ಎಲ್ಲರೆ ಹೋಗಿ ಆಡ್ಕೋತಾರ. ನೀವು ಇಲ್ಲೇ ಇರ್ತೀರಿ."

ಅವಳು ತಲೆಯೆತ್ತಿದಳು. ಕಣ್ಣು ನನ್ನ ಮೇಲೆ ನಿಂತಿತು.

"ಇಲ್ಲಿದ್ದು ಏನ್ಮಾಡ್ಲಿ, ಗುರುಪಾದಪ್ಪನೋರೆ?"

ಹೇಳಬೇಕಾದ ಮಾತು ಯಾವುದೆಂದು ನನಗೆ ಗೊತ್ತಿತ್ತು. ಅವಳು ಅದಕ್ಕೆ ಬಾಗಿಲು ತೆರೆದು ನಿಂತಿದ್ದಳು.

"ನನಗೇನ ಗೊತ್ತು," ಎಂದು ಹೊರಗೆ ಬಂದುಬಿಟ್ಟೆ.

*

ಗುರುವಾರ ಹಾಲ್ ತುಂಬಿತ್ತು. ಹದಿನೇಳು ಹುಡುಗರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಒಂದೇ ಸಾಲಿನಲ್ಲಿ ಕೂತಿದ್ದರು. ನಾನು ಹಿಂದೆ ಗೋಡೆಗೊರಗಿ ನಿಂತಿದ್ದೆ. ಹೇಳುವುದೋ ಬಿಡುವುದೋ, ಇನ್ನೂ ತೀರ್ಮಾನಿಸಿರಲಿಲ್ಲ.

ಡೀನ್ ವರದಿ ಓದಿ ಮುಗಿಸುವ ಮೊದಲೇ ಸುಧಾಮಣಿ ಎದ್ದಳು. ನೀಲಿ ರೇಷ್ಮೆಯ ಕುರ್ತಾ ಹಾಕಿದ್ದಳು. ಹಾಳೆಗಳನ್ನು ಮೇಜಿನ ಮೇಲಿಟ್ಟಳು. ಈ ವರದಿಯ ಮುಖ್ಯ ಅಂಕಿ ತಪ್ಪು ಎಂದಳು. ಪಕ್ಕದ ಕಾಲೇಜುಗಳ ಜೊತೆ ಹೋಲಿಸಿ ನೋಡಬೇಕಿತ್ತು, ತಾನು ನೋಡಲಿಲ್ಲ, ತಪ್ಪು ತನ್ನದು ಎಂದಳು. ನನ್ನ ಹೆಸರೆತ್ತಲಿಲ್ಲ.

ನನ್ನಿಂದ ತಡೆಯಲಾಗಲಿಲ್ಲ. ಮುಂದೆ ನುಗ್ಗಿದೆ. ಆಕೆ ಹೇಳುತ್ತಿರುವುದು ಸುಳ್ಳು, ಡೈರಿ ನನ್ನದು, ಆಡಬಹುದಾದ ನೆಲವನ್ನು ಆಡಬಾರದು ಎಂದವನು ನಾನು ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಕೂಗಿದೆ.

ಡೀನ್ ಕನ್ನಡಕ ತೆಗೆದರು. ಹಾಗಾದರೆ ಆಡಿಸುತ್ತೀಯಾ ಎಂದು ಕೇಳಿದರು.

"ಹದಿನಾರರಲ್ಲಿ ಹನ್ನೆರಡು ಪಂದ್ಯ ಆಡಿಸುತ್ತೇನೆ," ಎಂದೆ. "ಎರಡು ವರ್ಷ ಕೊಡಿ."

ಕೊಟ್ಟರು. ಕೆಡಿಸಿದವನೇ ನಿಂತು ಸರಿಮಾಡಲಿ, ಅವನಿಲ್ಲದಿದ್ದರೆ ಟೀಮೂ ಇಲ್ಲ ಎಂಬ ಷರತ್ತಿನ ಮೇಲೆ ಕಮಿಟಿಯವರು ಒಪ್ಪಿ ಕೈಯೆತ್ತಿದರು. ಹುಡುಗರು ಎದ್ದು ಬಂದು ನನ್ನ ಬೆನ್ನು ತಟ್ಟಿದರು. ಒಬ್ಬ ಅಳುತ್ತಿದ್ದ. ಅವರ ಹೆಗಲುಗಳ ನಡುವಿನಿಂದ ನಾನು ನೋಡಿದೆ: ಸುಧಾಮಣಿ ಹಾಳೆಗಳನ್ನು ಒಂದೊಂದಾಗಿ ಫೈಲಿಗೆ ಸೇರಿಸುತ್ತಿದ್ದಳು.

*

ಎರಡು ವಾರದಲ್ಲಿ ಡಲ್ಲಾಸಿನ ಟಿಕೆಟ್ ಬಂತು. ಹಿಲ್ಸ್‌ಬರೋದ ಅವಳ ಅಪಾರ್ಟ್‌ಮೆಂಟಿನಿಂದ ನೆವಾರ್ಕ್ ವಿಮಾನ ನಿಲ್ದಾಣಕ್ಕೆ ನನ್ನ ಪಿಕಪ್ಪಿನಲ್ಲಿ ಕರೆದೊಯ್ದೆ. ಎರಡು ಸೂಟ್‌ಕೇಸು, ಒಂದು ಕುಕ್ಕರಿನ ಡಬ್ಬ. ದಾರಿಯ ಮರಗಳಲ್ಲಿ ಎಳೆ ಹಸಿರು ಒಡೆದಿತ್ತು. ಅಷ್ಟು ಚಂದದ ದಿನ ಆ ವರ್ಷ ಇನ್ನೊಂದು ಬರಲಿಲ್ಲ.

"ಯಾಕೆ ಎದ್ದು ನಿಂತ್ರಿ ಅವತ್ತು?" ಎಂದೆ. ಮೊದಲ ಸಲ ಅವಳ ಹಾಗೆ ಮಾತಾಡಲು ನೋಡಿದ್ದೆ.

"ನಿಮ್ಮ ಬಾಯಲ್ಲಿ ಮೈಸೂರು ಕನ್ನಡ ಬೇಡ, ನಗು ಬರತ್ತೆ." ನಕ್ಕಳು. ಆಮೇಲೆ ಕಿಟಕಿಯತ್ತ ತಿರುಗಿ, "ಸುಳ್ಳಿನ ಮೇಲೆ ಕೂತ್ಕೊಂಡು ನಿಮ್ಮ ಜೊತೆ ಊಟ ಮಾಡಕ್ಕೆ ನನ್ನಿಂದಾಗ್ತಿರ್ಲಿಲ್ಲ," ಎಂದಳು.

ಟರ್ಮಿನಲ್ ಬಾಗಿಲಲ್ಲಿ ಗಾಡಿ ನಿಲ್ಲಿಸಿದೆ. ಸಾಮಾನು ಇಳಿಸಿದೆ.

"ಜೊತೆಗೆ ಬನ್ನಿ ಅಂತ ಕರೆದ್ರೆ ಬರ್ತೀರಾ?" ಎಂದಳು.

"ಹುಡುಗ್ರಿಗೆ ಮಾತು ಕೊಟ್ಟೀನಿ. ಎರಡು ವರ್ಷ..."

"ಅದೊಂದು ಮಾತು ಹೇಳ್ಬೇಡಿ." ಅವಳು ಕೈ ಅಡ್ಡ ಹಿಡಿದಳು. "ಕಾದಿದ್ದಾಯ್ತು ಗುರುಪಾದಪ್ಪನೋರೆ. ಒಂದು ಜನ್ಮಕ್ಕೆ ಸಾಕಾಗೋವಷ್ಟು. ನೀವು ಅವನ ಥರ ಅಲ್ಲ, ಗೊತ್ತು. ಆದ್ರೂ ಫೋನ್ ಪಕ್ಕ ಕೂತ್ಕೊಳ್ಳೋ ಹೆಂಗಸು ಮತ್ತೆ ನಾನಾಗಲ್ಲ."

"ಕಾಯ್ರಿ ಅನ್ನೂದಿಲ್ಲ."

"ಮಾತು ಮುರ್ದು ಬಂದ್ರೂ ನಂಗೆ ಬೇಡ. ಅಂಥವರು ಹೇಗಿರ್ತಾರೆ ಅಂತ ನೋಡಿದೀನಿ."

ಬಿಳಿ ಕೈಗವಸಿನ ಪೊಲೀಸನೊಬ್ಬ ಗಾಡಿ ತೆಗೆ ಎಂದು ಸನ್ನೆ ಮಾಡಿದ. ನಾನು ಅವನತ್ತ ಕೆಕ್ಕರಿಸಿ ನೋಡಿದೆ. ಅವಳ ಹಣೆಯ ಮೇಲೆ ಒಂದು ಎಳೆ ಕೂದಲು ಗಾಳಿಗೆ ಹಾರುತ್ತಿತ್ತು. ಅದನ್ನು ಸರಿಸುವ ಹಕ್ಕು ನನಗಿರಲಿಲ್ಲ. ಆದರೂ ಸರಿಸಿದೆ. ಅವಳು ಕಣ್ಣು ಮುಚ್ಚಿದಳು.

"ನೀವು ಅಂದ್ರ ನನಗ ಭಾಳ ಜೀವ ರೀ," ಎಂದೆ. "ಆವತ್ತು ಆಫೀಸಿನ್ಯಾಗ ಹೇಳಬೇಕಿತ್ತು. ಹೇಳ್ಲಿಲ್ಲ."

"ಗೊತ್ತಿತ್ತು," ಎಂದಳು ಕಣ್ಣು ತೆರೆಯದೆ. "ನಂಗೂ ಅಷ್ಟೇ."

"ಹೇಳಿದ್ದರ?"

"ಆಗ್ಲೂ ಎದ್ದು ನಿಲ್ತಿದ್ದೆ. ಆದ್ರೆ ಒಬ್ಳೇ ನಿಂತಿದೀನಿ ಅನ್ನಿಸ್ತಿರ್ಲಿಲ್ಲ."

ಸೂಟ್‌ಕೇಸಿನ ಹಿಡಿಕೆ ಎಳೆದುಕೊಂಡಳು. ಗಾಜಿನ ಬಾಗಿಲು ತಾನಾಗಿ ತೆರೆಯಿತು, ತಾನಾಗಿ ಮುಚ್ಚಿತು. ಈ ಸಲ ಅವಳು ತಿರುಗಿ ನೋಡಲಿಲ್ಲ. ನೋಡಿದ್ದರೆ ನಾನು ಗಾಡಿಯನ್ನು ಅಲ್ಲೇ ಬಿಟ್ಟು ಓಡುತ್ತಿದ್ದೆ, ಅದು ಅವಳಿಗೂ ಗೊತ್ತಿತ್ತು.

ಪೊಲೀಸ್ ಹತ್ತಿರ ಬಂದು ನನ್ನ ಮುಖ ನೋಡಿದ. ಆಮೇಲೆ ಹಿಂದಿನ ಕಾರುಗಳನ್ನು ನನ್ನ ಪಕ್ಕದಿಂದ ದಾಟಿಸತೊಡಗಿದ.