ಹಳ್ಳ ದಾಟಿಸಿದವನ ರೀಲು

ಗುಜರಿಗೆ ಹಾಕಿದರೆ ತಗಡಿನ ಡಬ್ಬಕ್ಕೆ ಇಪ್ಪತ್ತು ರೂಪಾಯಿ, ಒಳಗಿನ ಫಿಲ್ಮಿಗೆ ಅದೂ ಇಲ್ಲ. ದೂರಿನಲ್ಲಿ ಮಾತ್ರ ಸಾಕ್ಷ್ಯಚಿತ್ರ ತೆಗೆಯುವ ಪ್ರಮೋದ ಎರಡು ಲಕ್ಷ ಎಂದು ಬರೆದಿದ್ದ. ಶುಕ್ರವಾರ ಬೆಳಿಗ್ಗೆ 10:30ಕ್ಕೆ ಸಿದ್ದಾಪುರ ಠಾಣೆಯ ಪಿಎಸ್‌ಐ ಶೈಲಾ ಎಫ್‌ಐಆರ್‌ನಲ್ಲಿ ಅದನ್ನೇ ನಮೂದಿಸಿದರು.

ಕಳುವಾದದ್ದು ಮೊದಲ ಚುನಾವಣೆಯ ಕಾಲದ ರೀಲು. ಆಗಿನ ಮುಂದಾಳು ಶಿವರಾಯರು ಓಡಾಡುವುದು ಕಾಣುವ ಚಿತ್ರ ಅದೊಂದೇ. ಅದರ ಪ್ರತಿ ಇನ್ನೂ ಮಾಡಿಸಿರಲಿಲ್ಲ.

ಪಂಚನಾಮೆಗೆ ಹೋದಾಗ, ರೀಲು ಇಟ್ಟಿದ್ದ ಸಭಾಭವನದ ಬೀಗ ನೆಟ್ಟಗಿತ್ತು. ಪಕ್ಕದಲ್ಲಿದ್ದ ಕ್ಯಾಮೆರಾ ಅಲುಗಿರಲಿಲ್ಲ. ಇದು ದುಡ್ಡಿನ ಆಸೆಯ ಕಳವಲ್ಲ ಎಂದು ಶೈಲಾಗೆ ಅನಿಸಿತು. ಇನ್ನೊಂದು ಕೀಲಿಕೈ ಇದ್ದದ್ದು ಅಲ್ಲಿಯ ಕಾವಲುಗಾರ ಕೆರಿಯನ ಬಳಿ. ಅವನು ಕೆಲಸಕ್ಕೆ ಬಂದಿರಲಿಲ್ಲ.

"ರೀಲಿನಾಗ ಏನೈತಿ, ಹೇಳ್ರಿ," ಎಂದು ಶೈಲಾ ಪ್ರಮೋದನನ್ನು ಕೇಳಿದರು.

"ರಾಯರು ಹಳ್ಳ ದಾಟ್ತಾರೆ, ಆಮೇಲೆ ಭಾಷಣ. ದಾಟೋದನ್ನ ಕತ್ತರಿಸ್ತೇನೆ ಮೇಡಂ. ಯಾರದೋ ಹೆಗಲೇರಿ ಬರ್ತಾರೆ, ಚೆಂದ ಕಾಣೋದಿಲ್ಲ."

"ಯಾರ ಹೆಗಲು?"

"ಯಾರೋ ಆಳು."

"ಇದನ್ನ ಕೆರಿಯನ ಮುಂದ ಅಂದಿದ್ರೇನು?"

ಅಂದಿದ್ದೆ ಎಂದು ಪ್ರಮೋದ ಒಪ್ಪಿಕೊಂಡ. ನಿನ್ನೆ ರೀಲು ಸುತ್ತಿ ನೋಡುವಾಗ ಕೆರಿಯ ಆ ಭಾಗ ಇನ್ನೊಮ್ಮೆ ತೋರಿಸಿ ಎಂದಿದ್ದ. ಇವನು ಹೊತ್ತಿಲ್ಲ ಎಂದಿದ್ದ. ಆಮೇಲೆ ಪ್ರಮೋದನೇ ಗಾಬರಿಯಿಂದ ಶೈಲಾರನ್ನು ಎಚ್ಚರಿಸಿದ: ಆ ಕಾಲದ ಫಿಲ್ಮಿಗೆ ಕಾವು ಹೆಚ್ಚಿದರೆ ಸಿಡಿಮದ್ದಿನ ಹಾಗೆ ಹೊತ್ತಿಕೊಳ್ಳುತ್ತದೆ, ನೀರಿಗೂ ಆರುವುದಿಲ್ಲ.

ಶೈಲಾ ಎದ್ದೇಬಿಟ್ಟರು. ಈ ಕಡೆಯವರು ಥಂಡಿ ತಾಗಬಾರದ್ದನ್ನೆಲ್ಲ ಇಡುವುದು ಒಲೆಯ ಮೇಲಿನ ಅಟ್ಟದಲ್ಲಿ.

ಕೆರಿಯನ ಊರು ಕೋಲಸಿರ್ಸಿಗೆ ಜೀಪು ಓಡಿತು; ಕಾನ್‌ಸ್ಟೆಬಲ್ ಸುಭಾಷ್ ಅಷ್ಟು ಜೋರಾಗಿ ಎಂದೂ ಓಡಿಸಿರಲಿಲ್ಲ. ಕೆರಿಯನ ಹೆಂಡತಿ ದೇವಿ ಮಧ್ಯಾಹ್ನದ ಅನ್ನಕ್ಕೆ ಇಟ್ಟಿದ್ದಳು.

"ಯಕ್ಕಾ, ಬೆಂಕಿ ಹೊರಗ ತಗೀರಿ."

"ಅನ್ನ ಅರ್ಧ ಬೆಂದೈತಿ. ಪೊಲೀಸ್ರಿಗೆ ಎಂತ ಅವಸರ?"

ಸುಭಾಷ್ ಉರಿಯುವ ಕೊಳ್ಳಿಗಳನ್ನು ಎಳೆದು ಅಂಗಳಕ್ಕೆ ಎಸೆದ. ಶೈಲಾ ಒರಳು ಹತ್ತಿ, ಹೊಸ ಪಂಚೆಯಲ್ಲಿ ಸುತ್ತಿದ್ದ ಡಬ್ಬವನ್ನು ಮಗುವಿನಂತೆ ಇಳಿಸಿದರು. ತಗಡು ಕೈ ಸುಡುವಷ್ಟು ಬಿಸಿಯಾಗಿತ್ತು.

ಹಿತ್ತಲಲ್ಲಿದ್ದ ಕೆರಿಯ ಓಡಲಿಲ್ಲ.

"ನಮ್ಮಪ್ಪನ ಮಕ ಇರದು ಅದೊಂದ್ರಾಗೇ, ಅಮ್ಮಾ. ಅದ್ನೇ ಕತ್ತರಿಸ್ತ್ರಂತೆ. ಥಂಡಿ ಬಡೀದಿರ್ಲಿ ಅಂತ ಅಟ್ಟಕ್ಕಿಟ್ಟೆ."

ಬಂಧನದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಗ ಅವನು ಜಾಮೀನಿನ ಮಾತೆತ್ತಲಿಲ್ಲ. ರೀಲು ಉಳಿಯಿತೇ ಎಂದಷ್ಟೇ ಕೇಳಿದ.

ಡಬ್ಬ ಆರಿದ ಮೇಲೆ ಪ್ರಮೋದ ತೆರೆದ. ನಿನ್ನೆ ಕೊನೆಯವರೆಗೆ ನೋಡಿ ಹಿಂದಕ್ಕೆ ಸುತ್ತದೆ ಇಟ್ಟಿದ್ದರಿಂದ ಭಾಷಣದ ಭಾಗ ಹೊರಸುತ್ತಿನಲ್ಲಿತ್ತು. ಅದೆಲ್ಲ ಕಾವಿಗೆ ಕರಗಿ ಅಂಟಿತ್ತು. ಹಳ್ಳ ದಾಟುವ ಭಾಗವಿದ್ದ ಒಳಸುತ್ತಿಗೆ ಏನೂ ಆಗಿರಲಿಲ್ಲ.

ಶಿವರಾಯರ ಭಾಷಣ ಹೋಯಿತು. ಕೆರಿಯನ ಅಪ್ಪನ ಹೆಗಲ ಮೇಲೆ ಹಳ್ಳ ದಾಟುವ ಶಿವರಾಯರು ಉಳಿದರು.